ದ್ರಾಕ್ಷಿ ಊರಿನಲ್ಲಿ ನಾನು ತಿಂದದ್ದು

ದ್ರಾಕ್ಷಿ ತೋಟದ ರೆಸಾರ್ಟಿಗೆ ಹೋಗಿ ಬಂದವರು ಅಲ್ಲಿ ಏನು ಕುಡಿದೆವು ಎಂಬುದನ್ನು ಹೇಳಿಕೊಳ್ಳುತ್ತಾರೆ. ನಾನು ಏನು ತಿಂದೆ ಎಂಬುದನ್ನು ಹೇಳಿಕೊಳ್ಳಬೇಕಾಗಿದೆ. ಎಪ್ಪತ್ತು ದಾಟಿದವನು ಎರಡು ದಿನ ಮೋಜಿಗೆ ಹೋಗಿ ಬಂದು, ಆಮೇಲೆ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಕೂತ ಕಥೆ ಇದು. ಓದುವಾಗ ನಗು ಬಂದರೆ ನಗಬಹುದು. ನಮ್ಮ ಹಟ್ಟಿಯವರೂ ನಕ್ಕಿದ್ದಾರೆ.

ನಮ್ಮ ಹಟ್ಟಿ ಇರುವುದು ಬಿ.ಜಿ. ಕೆರೆ ದಾಟಿ ಒಳಗೆ ಹೋದರೆ, ಮೊಳಕಾಲ್ಮೂರು ಸೀಮೆಯಲ್ಲಿ. ನಮ್ಮವರಿಗೆ ಎರಡು ಕಟ್ಟಳೆ ಇವೆ. ಹೆಂಡ, ಸಾರಾಯಿ ಮುಟ್ಟುವಂತಿಲ್ಲ. ಕೋಳಿ ತಿನ್ನುವಂತಿಲ್ಲ. ಕುರಿ ಆಗುತ್ತದೆ, ಕೋಳಿ ಆಗದು. ಯಾಕೆ ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅವ್ವ ‘ಅಂಗೇ’ ಎನ್ನುತ್ತಿದ್ದಳು. ಹಟ್ಟಿಯ ಪಕ್ಕದಲ್ಲಿ ಮುಳ್ಳುಬೇಲಿ ಹಾಕಿದ ರೊಪ್ಪ ಇದೆ, ಅದರಲ್ಲಿ ದೇವರ ಎತ್ತುಗಳಿವೆ. ಎತ್ತು ಎಂದು ಹೆಸರು, ಹಸು ಕರುಗಳೂ ಅದರಲ್ಲೇ ಸೇರಿವೆ. ಅವನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಟ್ಟಳೆ ಮುರಿದವರು ಆ ರೊಪ್ಪದೊಳಗೆ ಕಾಲಿಡಬಾರದು. ಆ ದನ ಮೇಯಿಸುವವನನ್ನು ಕಿಲಾರಿ ಎನ್ನುತ್ತೇವೆ. ನಮ್ಮ ಕಿಲಾರಿ ನನ್ನ ಹೆಂಡತಿಯ ತಮ್ಮ, ನನ್ನ ಬಾಮೈದ. ಅವನಿಗೂ ಅರವತ್ತಾಗಿದೆ. ನಲವತ್ತು ವರ್ಷದಿಂದ ಆ ದನಗಳ ಹಿಂದೆಯೇ ನಡೆದಿದ್ದಾನೆ. ದೂರದಿಂದ ಒಂದು ಶಿಳ್ಳೆ ಹಾಕಿದರೆ ಇಡೀ ಹಿಂಡು ಅವನ ಕಡೆ ತಿರುಗುತ್ತದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಮೂವತ್ತು ವರ್ಷ ಹಾಲಿನ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದೆ. ಯಾರ ಕ್ಯಾನಿನಲ್ಲಿ ನೀರು ಬೆರೆತಿದೆ ಎಂದು ಎಲ್ಲರ ಎದುರಿಗೇ ಹೇಳುವುದು ನನ್ನ ಕೆಲಸವಾಗಿತ್ತು, ಅದನ್ನು ಸ್ವಲ್ಪ ಖುಷಿಯಿಂದಲೇ ಮಾಡುತ್ತಿದ್ದೆ. ನಿವೃತ್ತನಾದ ಮೇಲೂ ಊರಿನವರಿಗೆ ನಾನು ಸೆಕ್ರೆಟ್ರಿಯೇ.

ಚಳ್ಳಕೆರೆಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಮೋಟಾರು ಮೆಕ್ಯಾನಿಕ್. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಾರೆ. ಐದು ಹೊತ್ತು ನಮಾಜು ಮಾಡುವವನು, ಕುಡಿತ ಅವನಿಗೂ ಆಗದು. ಅವನ ಅಳಿಯ ನಂದಿ ಬೆಟ್ಟದ ಕಡೆ ಒಂದು ದ್ರಾಕ್ಷಿ ತೋಟದ ರೆಸಾರ್ಟಿನಲ್ಲಿ ಅಡುಗೆ ಮಾಡುತ್ತಾನೆ. ಆಷಾಢದಲ್ಲಿ ಒಂದು ದಿನ ಮೇಸ್ತ್ರಿ ಫೋನ್ ಮಾಡಿದ.

“ಸೆಕ್ರೆಟ್ರಿ, ಮಳೆಗಾಲ ನೋಡು, ವಾರದ ನಡುವೆ ಅಲ್ಲಿ ರೂಮು ಖಾಲಿಯಂತೆ. ಅಳಿಯ ಮ್ಯಾನೇಜರನ್ನ ಒಪ್ಸಿದಾನೆ. ನನ್ನ ವ್ಯಾನ್ ಐತೆ. ಬರ್ತೀಯಾ?”

“ಅದು ವೈನ್ ಮಾಡೋ ಜಾಗ ಅಲ್ಲೇನೋ?”

“ಅರೇ, ಸಮುದ್ರಕ್ಕೆ ಹೋದೋರೆಲ್ಲ ನೀರು ಕುಡೀತಾರಾ? ನೋಡ್ಕೊಂಡು ಬರಾಣ.”

ಬಾಮೈದನನ್ನೂ ಕರೆದೆ. ಅವನಿಗೆ ಸುತ್ತಾಟದ ಆಸೆ ಇರಲಿಲ್ಲ. ಆಸೆ ನನ್ನದು. ಮೇಸ್ತ್ರಿ ನನಗಿಂತ ಹೆಚ್ಚು ಊರು ಕಂಡವನು, ಅವನ ಮುಂದೆ ನನ್ನ ತಿಳಿವಳಿಕೆ ನಡೆಯುವುದಿಲ್ಲ. ‘ಭಾವ, ಇದೇನು? ಭಾವ, ಅದೇನು?’ ಎಂದು ಕೇಳುವವನೊಬ್ಬ ಜೊತೆಗಿರಬೇಕು ಅನ್ನಿಸಿತು. ಎರಡು ದಿನಕ್ಕೆ ದನಗಳನ್ನು ಇನ್ನೊಬ್ಬನಿಗೆ ವಹಿಸಲು ಅವನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗಿಹೋಯಿತು.

ಹಟ್ಟಿಗೆ ಸುದ್ದಿ ಹಬ್ಬಿದ ಮೇಲೆ ಕೇಳಬೇಕೆ! “ಸೆಕ್ರೆಟ್ರಿ, ವಾಪಸ್ ಬಂದಾಗ ಬಾಯಿ ಮೂಸಿ ನೋಡೇ ಒಳಗೆ ಬಿಡೋದು” ಎಂದರು ಕಟ್ಟೆಯ ಮೇಲಿನವರು. ನನ್ನ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿಪುಡಿ ಗಂಟು ಕಟ್ಟಿ ತಮ್ಮನ ಕೈಗೆ ಕೊಟ್ಟಳು. ನನಗೆ ಬೆರಳು ತೋರಿಸಿದಳು.

“ಒಂದು ತೊಟ್ಟು ನನ್ನ ತಮ್ಮನ ಬಾಯಿಗೆ ಬಿತ್ತೋ, ನಿಮ್ಮನ್ನ ಸುಮ್ನೆ ಬಿಡಲ್ಲ ನೋಡ್ರಿ.”

“ದ್ರಾಕ್ಷಿ ಹಣ್ಣೂ ಮುಟ್ಟಿಸಲ್ಲ ಕಣೆ” ಎಂದೆ.

ಆ ಮಾತನ್ನು ಉಳಿಸಿಕೊಂಡೆ. ಉಳಿಸಿಕೊಂಡದ್ದು ಅದೊಂದನ್ನೇ.

ಆ ಜಾಗ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬೆಟ್ಟದ ಮೇಲೆ ಮೋಡ ಕೂತಿತ್ತು. ಕಲ್ಲುಕಂಬ, ತಂತಿ, ಅದರ ಮೇಲೆ ಹಬ್ಬಿದ ಬಳ್ಳಿ, ಸಾಲು ಸಾಲು ಇಳಿಜಾರಿನವರೆಗೆ. ನಮ್ಮ ಸೀಮೆಯಲ್ಲಿ ಆಷಾಢ ಎಂದರೆ ಬರೀ ಗಾಳಿ. ಅಲ್ಲಿ ಜಿನುಗು ಮಳೆ, ಒದ್ದೆ ಮಣ್ಣಿನ ದಾರಿ, ಹೆಂಚಿನ ಪುಟ್ಟ ಪುಟ್ಟ ಮನೆಗಳು, ಮುಂದೆ ಬೆತ್ತದ ಕುರ್ಚಿ. ಮೇಸ್ತ್ರಿ ಕುರ್ಚಿಯಲ್ಲಿ ಕೂತವನು ಒಂದು ಗಂಟೆ ಏಳಲಿಲ್ಲ. “ಮೂವತ್ತೈದು ವರ್ಷ ಗಾಡಿ ಕೆಳಗೆ ಮಲಗಿದ್ದೆ. ಆಕಾಶ ಇಷ್ಟು ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ” ಎಂದ.

ಬಾಮೈದ ಮಾತ್ರ ಹುಲ್ಲುಹಾಸಿನ ಹತ್ತಿರ ನಿಂತು ಸಂಕಟಪಡುತ್ತಿದ್ದ. ಒಬ್ಬ ಆಳು ಮಷಿನ್ನು ತಳ್ಳಿಕೊಂಡು ಹುಲ್ಲು ಕತ್ತರಿಸಿ, ಕತ್ತರಿಸಿದ್ದನ್ನು ಚೀಲಕ್ಕೆ ತುಂಬುತ್ತಿದ್ದ.

“ಇದನ್ನ ಯಾವ ದನಕ್ಕೆ ಹಾಕ್ತೀರಪ್ಪ?”

“ದನ ಎಲ್ಲಿದಾವೆ ಸರ್ ಇಲ್ಲಿ? ಗುಂಡಿಗೆ ಹಾಕ್ತೀವಿ.”

ಬಾಮೈದ ನನ್ನ ಹತ್ತಿರ ಬಂದು ಮೆಲ್ಲಗೆ, “ಭಾವ, ಇವ್ರಿಗೆ ಬುದ್ಧಿ ಸರಿ ಐತಾ?” ಎಂದ. ವ್ಯಾನಿನಲ್ಲಿ ಎರಡು ಚೀಲ ಹಾಕಿಕೊಂಡು ಹೋಗೋಣವೇ ಎಂದೂ ಕೇಳಿದ. ಹಟ್ಟಿ ಮುಟ್ಟುವಷ್ಟರಲ್ಲಿ ಕೊಳೆಯುತ್ತದೆ ಎಂದು ಹೇಳಿ ತಡೆದೆ.

ಮಧ್ಯಾಹ್ನ ನಮ್ಮನ್ನೂ ಬೇರೆ ನಾಲ್ಕು ಜನರನ್ನೂ ವೈನ್ ತೋರಿಸಲು ಕರೆದುಕೊಂಡು ಹೋದರು. ದೊಡ್ಡ ಸ್ಟೀಲ್ ಟ್ಯಾಂಕುಗಳನ್ನು ನೋಡಿ ನನಗೆ ಹಾಲಿನ ಚಿಲ್ಲಿಂಗ್ ಸೆಂಟರ್ ನೆನಪಾಗಿ, ಅದರ ಬಗ್ಗೆ ಎಲ್ಲರಿಗೂ ಒಂದು ಭಾಷಣ ಬಿಗಿದೆ. ಆಮೇಲೆ ಒಂದು ಉದ್ದ ಮೇಜಿನ ಮುಂದೆ ನಿಲ್ಲಿಸಿದರು. ಒಬ್ಬಳು ಹುಡುಗಿ ಗಾಜಿನ ಲೋಟಗಳಲ್ಲಿ ಒಂದೊಂದು ಗುಟುಕು ಹಾಕಿ, ಹೇಗೆ ಅಲ್ಲಾಡಿಸಬೇಕು, ಹೇಗೆ ಮೂಸಬೇಕು ಎಂದು ತೋರಿಸಿದಳು. ಮೇಸ್ತ್ರಿ ಕೈ ಹಿಂದೆ ಕಟ್ಟಿಕೊಂಡ. ಬಾಮೈದ ಎರಡು ಹೆಜ್ಜೆ ಹಿಂದೆ ಸರಿದ. ನಾನು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೆ.

“ಸರ್, ನುಂಗ್ಬೇಕು ಅಂತೇನಿಲ್ಲ. ಬಾಯಲ್ಲಿ ಇಟ್ಕೊಂಡು ಇದರಲ್ಲಿ ಉಗುಳಬಹುದು” ಎಂದು ಹುಡುಗಿ ಒಂದು ಪಾತ್ರೆ ತೋರಿಸಿದಳು.

“ಉಗುಳಕ್ಕೆ ಇಷ್ಟು ದೂರ ಬರ್ಬೇಕಾ ತಾಯಿ?” ಎಂದ ಬಾಮೈದ. ಉಳಿದವರೆಲ್ಲ ಗೊಳ್ಳೆಂದು ನಕ್ಕರು, ಆ ಹುಡುಗಿಯೂ ನಕ್ಕಳು. ನಮಗೆಂದು ಬರೀ ದ್ರಾಕ್ಷಿ ರಸ ತಂದುಕೊಟ್ಟಳು. ಮೇಸ್ತ್ರಿ ಕುಡಿದ. ನಾನು ಅದನ್ನೂ ಬೇಡವೆಂದೆ, ಬಾಮೈದನಿಗೂ ಮುಟ್ಟಿಸಲಿಲ್ಲ. ನಮ್ಮ ಹಟ್ಟಿ, ನಮ್ಮ ಕಟ್ಟಳೆ, ನಮ್ಮ ದೇವರ ಎತ್ತು ಎಂದು ಹತ್ತು ನಿಮಿಷ ಹೇಳಿದೆ. ಬೆಂಗಳೂರಿನಿಂದ ಬಂದಿದ್ದ ಒಬ್ಬಾಕೆ ‘ಎಷ್ಟು ಒಳ್ಳೆಯದು’ ಎಂದು ನನ್ನ ಫೋಟೋ ತೆಗೆದುಕೊಂಡಳು. ನನ್ನ ಎದೆ ಎರಡು ಇಂಚು ಉಬ್ಬಿರಬೇಕು.

ಸಾಯಂಕಾಲ ಮಳೆ ಜೋರಾಯಿತು. ಬಾಮೈದ ಜಗುಲಿಯಲ್ಲಿ ರೊಟ್ಟಿಯ ಗಂಟು ಬಿಚ್ಚಲು ಹೋದ. ನಾನು ತಡೆದೆ. “ಲೇ, ಇಂಥ ಜಾಗದಲ್ಲಿ ಗಂಟು ಬಿಚ್ತೀಯಾ? ನೋಡಿದೋರು ಏನಂತಾರೆ? ಬಾ, ಎಲ್ಲರ ಜೊತೆ ಕೂತು ತಿನ್ನಾಣ.” ಇದು ನನ್ನ ಮೊದಲನೆಯ ತಪ್ಪು. ಅವನು ಗಂಟು ಕಟ್ಟಿಟ್ಟು ಎದ್ದ.

ಊಟದ ಮನೆಯಲ್ಲಿ ಮೇಸ್ತ್ರಿಯ ಅಳಿಯ ತಾನೇ ಬಂದು ಒಂದು ತಟ್ಟೆ ಇಟ್ಟ. ಕೆಂಪಗೆ ಹುರಿದ ತುಂಡುಗಳು, ಮೇಲೆ ಕರಿಬೇವು, ನಿಂಬೆ ಹೋಳು, ಹೊಗೆಯಾಡುತ್ತಿತ್ತು. “ಮಾವ ಹೇಳಿದಾರೆ, ನಿಮ್ಮ ಅಡುಗೆಗೆ ಒಂದು ತೊಟ್ಟು ವೈನೂ ಹಾಕಿಲ್ಲ” ಎಂದು ಹೇಳಿ ಒಳಗೆ ಹೋದ. ಪಾಪ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಬೆಳಗಿನಿಂದ ನಾವು ಮೂವರೂ ಕುಡಿಯುವುದರ ಮೇಲೆ ಅಷ್ಟು ಕಾವಲು ಹಾಕಿದ್ದೆವಲ್ಲ, ತಿನ್ನುವುದರ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಮೇಸ್ತ್ರಿಗೆ ನಮ್ಮ ಕೋಳಿಯ ಕಟ್ಟಳೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವನ ಮನೆಯಲ್ಲಿ ನಾನು ಚಹಾ ಕುಡಿದಿದ್ದೆನೇ ಹೊರತು ಊಟ ಮಾಡಿರಲಿಲ್ಲ.

ಮೊದಲನೆಯ ತುಂಡು ನಾನು ತಿಳಿಯದೆ ತಿಂದೆ. ದೇವರಾಣೆಗೂ ತಿಳಿಯದೆ. ಬಾಯಲ್ಲಿ ಕರಗಿದ ಮೇಲೆ ತಿಳಿಯಿತು. ಯಾಕೆಂದರೆ ಆ ರುಚಿ ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದವನಿದ್ದಾಗ, ಹಾಲು ಪರೀಕ್ಷೆಯ ತರಬೇತಿಗೆಂದು ದಾವಣಗೆರೆಯಲ್ಲಿ ಒಂದು ತಿಂಗಳು ಇದ್ದೆ. ಅಲ್ಲಿನ ಮೆಸ್ಸಿನಲ್ಲಿ ಗೆಳೆಯರ ಜೊತೆ ಎರಡು ಸಲ ಕೋಳಿ ತಿಂದಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಐವತ್ತು ವರ್ಷವಾದರೂ ನಾಲಿಗೆ ಮರೆತಿರಲಿಲ್ಲ, ತಟ್ಟನೆ ಗುರುತು ಹಿಡಿಯಿತು.

ಎರಡನೆಯ ತುಂಡಿಗೆ ಕೈ ಹಾಕಿದೆ. ಅಷ್ಟರಲ್ಲಿ ಬಾಮೈದ ಒಂದು ತುಂಡು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

“ಭಾವ, ಇದೇನಿದು?”

ಆಗ ನಾನು ಹೇಳಬೇಕಾಗಿದ್ದ ಮಾತು ಎರಡಕ್ಷರದ್ದು. ಹೇಳಿದ್ದರೆ ಅವನು ಕೆಳಗಿಡುತ್ತಿದ್ದ. ನಾನೂ ಕೆಳಗಿಡಬೇಕಾಗುತ್ತಿತ್ತು. ಇಡಲು ಮನಸ್ಸಿರಲಿಲ್ಲ. ವಿಷಯ ಇಷ್ಟೇ, ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

“ಮೀಲ್ ಮೇಕರ್ ಕಣೋ” ಎಂದೆ. ಅದು ಸೋಯಾದ ಉಂಡೆ, ನಮ್ಮ ಕಡೆಯ ಅಂಗಡಿಗಳಲ್ಲೂ ಸಿಗುತ್ತದೆ.

ಅವನು ಕಚ್ಚಿದ. “ಮೂಳೆ ಇಲ್ಲ ನೋಡು. ಮೂಳೆ ಇಲ್ಲ ಅಂದ್ರೆ ಮಾಂಸ ಅಲ್ಲ ಬಿಡು” ಎಂದು ತನಗೆ ತಾನೇ ಹೇಳಿಕೊಂಡು, ನಿಶ್ಚಿಂತೆಯಿಂದ ಮೂರು ತುಂಡು ತಿಂದ. ನಾನು ಮುಂದುವರಿಸಿದೆ. ಮೇಸ್ತ್ರಿ ನಮಾಜಿಗೆ ಎದ್ದು ಹೋಗಿದ್ದರಿಂದ ಈ ಮಾತು ಅವನ ಕಿವಿಗೆ ಬೀಳಲಿಲ್ಲ.

ಮರುದಿನ ವಾಪಸ್ ಬರುವಾಗ ಶಿರಾ ದಾಟಿದ ಮೇಲೆ ಮೇಸ್ತ್ರಿ ಗಾಡಿ ಓಡಿಸುತ್ತಲೇ ಹೆಮ್ಮೆಯಿಂದ ಕೇಳಿದ. “ಹೆಂಗಿತ್ತಪ್ಪ ನಿನ್ನೆ ನನ್ನ ಅಳಿಯ ಮಾಡಿದ ಚಿಕನ್?”

ಬಾಮೈದ ಗಾಡಿ ನಿಲ್ಲಿಸಲು ಹೇಳಿದ. ಇಳಿದು ರಸ್ತೆ ಪಕ್ಕದ ಜಾಲಿ ಗಿಡದ ಹತ್ತಿರ ಹೋಗಿ ಬಾಯಿಗೆ ಬೆರಳು ಹಾಕಿಕೊಂಡ. ಏನೂ ಬರಲಿಲ್ಲ. ಕೋಳಿ ನಮಗೆ ಆಗದೆಂದು ಮೇಸ್ತ್ರಿಗೆ ಆಗ ತಿಳಿಯಿತು. “ತೋಬಾ ತೋಬಾ! ನಂಗೆ ಗೊತ್ತಿರ್ಲಿಲ್ಲ ಕಣಪ್ಪ, ಅಲ್ಲಾನ ಆಣೆ ಗೊತ್ತಿರ್ಲಿಲ್ಲ” ಎಂದು ಕೈ ಹಿಸುಕಿಕೊಂಡ. ನಾನೂ ‘ಅಯ್ಯೋ’ ಎಂದೆ. ಅಯ್ಯೋ ಎನ್ನುವುದು ನನಗೆ ಎಷ್ಟು ಸಲೀಸಾಗಿ ಬಂತೆಂದರೆ, ಈಗ ನೆನೆದರೂ ನಾಚಿಕೆಯಾಗುತ್ತದೆ.

ಬಾಮೈದ ಮುಖ ತೊಳೆದುಕೊಂಡು ಬಂದು ನನ್ನನ್ನು ಪಕ್ಕಕ್ಕೆ ಕರೆದ.

“ಭಾವ, ನಿಂಗೂ ಗೊತ್ತಾಗಿಲ್ಲ ಪಾಪ. ನಾನು ದನದ ಹತ್ರ ಹೋಗೋನು, ಮುಚ್ಚಿಡಕ್ಕೆ ಆಗಲ್ಲ. ನಂದು ನಾನು ಹೇಳ್ಕೊಂತೀನಿ. ನೀನು ನಾಕು ಜನಕ್ಕೆ ಬುದ್ಧಿ ಹೇಳೋನು. ನಿನ್ನ ಹೆಸ್ರು ಯಾಕೆ?”

“ಹಂಗಂತೀಯಾ?” ಎಂದೆ. ಬೇಡ ಎನ್ನಲಿಲ್ಲ.

ಹಟ್ಟಿಗೆ ಬಂದವನೇ ಅವನು ರೊಪ್ಪದ ಬೇಲಿಯ ಹೊರಗೆ ನಿಂತು, ಹಟ್ಟಿಯ ಯಜಮಾನರನ್ನು ಕರೆಸಿ, ಮೀಲ್ ಮೇಕರ್ ಅಂದುಕೊಂಡು ಕೋಳಿ ತಿಂದೆ ಎಂದು ಹೇಳಿದ. ದೀಪಾವಳಿಯವರೆಗೆ ದನ ಮುಟ್ಟಬಾರದು, ಆಗ ಕೂತು ನೋಡೋಣ ಎಂದರು. ಯಜಮಾನರ ಕಡೆಯವನೊಬ್ಬ ಹೊಸ ಕಿಲಾರಿಯಾದ. ಮಾರನೆಯ ವಾರ ಮೇಸ್ತ್ರಿ ಬೇಕರಿಯ ಪೊಟ್ಟಣ ಹಿಡಿದು ಹಟ್ಟಿಗೇ ಬಂದು, ತಪ್ಪೆಲ್ಲ ತನ್ನದೇ ಎಂದು ಎಲ್ಲರ ಎದುರು ಕೈ ಮುಗಿದ. ನಾನು ಅವನ ಬೆನ್ನು ತಟ್ಟಿ, “ಹೋಗ್ಲಿ ಬಿಡು ಮೇಸ್ತ್ರಿ, ತಿಳೀದೆ ಆಗಿದ್ದು” ಎಂದೆ. ನಾನು ಮಾಡಿದ ತಪ್ಪಿಗೆ ನಾನೇ ಇನ್ನೊಬ್ಬನನ್ನು ಕ್ಷಮಿಸಿದೆ!

ಆ ನಾಲ್ಕು ತಿಂಗಳು ಬಾಮೈದ ಶಿಳ್ಳೆ ಹಾಕಲಿಲ್ಲ. ಹಾಕಿದರೆ ದನ ತನ್ನ ಕಡೆ ಬಂದುಬಿಡುತ್ತವೆ ಎಂದು ಭಯ. ಸಂಜೆ ಹಿಂಡು ಹುಲ್ಲುಗಾವಲಿನಿಂದ ವಾಪಸಾಗುವ ಹೊತ್ತಿಗೆ ದೂರದಲ್ಲಿ ನಿಂತು ಲೆಕ್ಕ ಹಾಕುತ್ತಿದ್ದ. ಒಂದು ಕಂದು ಹಸು ಅವನ ವಾಸನೆ ಹಿಡಿದು ದಾರಿ ಬಿಟ್ಟು ಬರುತ್ತಿತ್ತು. ಅದು ಬಂತೆಂದರೆ ಬೆನ್ನು ತಿರುಗಿಸಿ ಬಿರಬಿರನೆ ನಡೆದುಬಿಡುತ್ತಿದ್ದ. ಅರವತ್ತು ವರ್ಷದ ಗಂಡಸು ಹಸುವಿಗೆ ಹೆದರಿ ಓಡುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ನಾನು ನನ್ನ ಜಗುಲಿಯಿಂದ ನೋಡುತ್ತಿದ್ದೆ. ಒಂದೆರಡು ಸಲ ಹೇಳಿಬಿಡೋಣ ಎಂದು ಮೆಟ್ಟಿಲು ಇಳಿದೆ. ಇಳಿದವನು ಚಪ್ಪಲಿ ಸರಿಮಾಡಿಕೊಂಡು ಮತ್ತೆ ಹತ್ತಿದೆ.

ದೀಪಾವಳಿಯ ಮುಂಚಿನ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಸೇರಿದರು. ಹಟ್ಟಿಯ ಮಾತುಕತೆ ಬರೆದಿಡುವವನು ನಾನೇ ಆದ್ದರಿಂದ ಪುಸ್ತಕ, ಪೆನ್ನು ಹಿಡಿದು ಮುಂದೆ ಕೂತಿದ್ದೆ. ಸುಲಭವಾಗಿ ಮುಗಿಯುತ್ತದೆ ಅಂದುಕೊಂಡಿದ್ದೆ. ಹೊಸ ಕಿಲಾರಿಯ ಅಣ್ಣ ಎದ್ದ.

“ಮಾಂಸ ಅಂತ ಗೊತ್ತಾಗ್ದೆ ಮೂರು ತುಂಡು ತಿಂದ್ನಂತೆ. ನಾಲ್ಗೆಗೆ ಅಷ್ಟೂ ತಿಳಿಯಲ್ಲ ಅಂದ್ರೆ, ಜ್ವರ ಬಂದ ದನ ಯಾವ್ದು, ಗಟ್ಟಿ ದನ ಯಾವ್ದು, ಅದು ತಿಳಿಯತ್ತಾ? ತಿಳಿದೇ ತಿಂದಿದಾನೆ ಅಂದ್ರೆ ಅದು ಇನ್ನೂ ಕೆಟ್ಟದ್ದು. ಯಾವ ಲೆಕ್ಕದಲ್ಲಿ ನೋಡಿದ್ರೂ ಕಿಲಾರಿಕೆ ಇವನಿಗೆ ಬ್ಯಾಡ. ಇನ್ಮೇಲೆ ನನ್ನ ತಮ್ಮನೇ ಇರ್ಲಿ.”

ಹಲವರು ತಲೆಯಾಡಿಸಿದರು. ಯಜಮಾನರು ಬಾಮೈದನನ್ನು ಕೇಳಿದರು. “ಮೀಲ್ ಮೇಕರ್ ಅಂತ ನಿಂಗೆ ಯಾರಪ್ಪ ಹೇಳಿದ್ದು?”

ಅವನು ನನ್ನ ಕಡೆ ನೋಡಲೂ ಇಲ್ಲ. “ಅಲ್ಲಿ ಯಾರೋ ಅಂದ್ರು” ಎಂದ.

“ಯಾರೋ ಅಂದ್ರೆ?”

“ಯಾರೋ. ನಂಗೆ ನೆಪ್ಪಿಲ್ಲ. ಕಿಲಾರಿಕೆ ಬ್ಯಾಡ ಅಂದ್ರೆ ಬ್ಯಾಡ ಬಿಡ್ರಿ” ಎಂದು ಟವೆಲ್ಲು ಕೊಡವಿ ಎದ್ದು ನಿಂತ.

ಯಜಮಾನರು ನನಗೆ ‘ಬರ್ಕೊಳ್ರಿ ಸೆಕ್ರೆಟ್ರಿ’ ಎಂದರು. ಏನೆಂದು ಬರೆಯಲಿ? ಪೆನ್ನು ಇಟ್ಟು ಎದ್ದೆ. “ಹೇಳಿದ್ದು ನಾನು” ಎಂದೆ. ದನಿ ಸಣ್ಣಗೆ ಬಂತು, ಹಿಂದೆ ಕೂತವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಕೋಳಿ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಅವನಿಗೆ ಸುಳ್ಳು ಹೇಳಿದೆ, ನಾನೂ ತಿಂದೆ, ದಾವಣಗೆರೆಯಲ್ಲೂ ತಿಂದಿದ್ದೆ ಎಂದು ಎಲ್ಲವನ್ನೂ ಹೇಳಿದೆ.

ಬಾಮೈದ ಈಗ ನನ್ನನ್ನು ನೋಡಿದ. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

ಕೊನೆಗೆ ಮೂಲೆಯಲ್ಲಿ ಕೂತಿದ್ದ ನಮ್ಮ ಹಟ್ಟಿಯ ಎಲ್ಲರಿಗಿಂತ ಹಿರಿಯ ಅಜ್ಜ ಬಾಯಿ ತೆಗೆದ. ಅವನಿಗೆ ತೊಂಬತ್ತರ ಹತ್ತಿರ, ತೆಲುಗು ಕನ್ನಡ ಎರಡೂ ಬೆರೆಸಿ ಮಾತಾಡುತ್ತಾನೆ. “ಏಮಪ್ಪಾ ಸೆಕ್ರೆಟ್ರಿ, ಅವನು ತಿಂದಿದ್ದು ಮೂರು. ನೀನು ಎಷ್ಟು?”

“ಏಳು, ಅಜ್ಜ.”

ಹೆಂಗಸರ ಕಡೆಯಿಂದ ಕಿಸಕ್ಕನೆ ಒಂದು ನಗು ಕೇಳಿತು.

“ಏಳಾ! ಎಟ್ಲುಂದಿ? ರುಚಿ ಎಂಗಿತ್ತು?”

ಸುಳ್ಳು ಸಾಕಾಗಿತ್ತು. “ಬಾಳ ಚೆನ್ನಾಗಿತ್ತು, ಅಜ್ಜ.”

ಇಡೀ ಕಟ್ಟೆ ನಕ್ಕಿತು. ಯಜಮಾನರು ನಗು ತಡೆಯಲು ಮೀಸೆ ತಿಕ್ಕಿಕೊಂಡರು. “ಅವನು ಕೇಳ್ದ, ನೀನು ಸುಳ್ಳು ಹೇಳ್ದೆ. ಅವನ ತಪ್ಪು ನಾಕು ತಿಂಗಳಿಗೆ ತೀರ್ತು, ಕಿಲಾರಿಕೆ ಅವನದೇ. ನೀನು ಒಂದು ವರ್ಷ ರೊಪ್ಪದೊಳಗೆ ಕಾಲಿಡಬ್ಯಾಡ. ದಿನಾ ಬೆಳಿಗ್ಗೆ ಒಂದು ಹೊರೆ ಹುಲ್ಲು ತಂದು ಬೇಲಿ ಹೊರಗೆ ಇಡು.” ಸ್ವಲ್ಪ ತಡೆದು, “ಚೆನ್ನಾಗಿತ್ತು ಅಂದ್ಯಲ್ಲ, ಅದಕ್ಕೆ ಇನ್ನೊಂದು ತಿಂಗಳು” ಎಂದರು.

ನಗದವರು ಇಬ್ಬರೇ. ಒಬ್ಬ ನನ್ನ ಬಾಮೈದ, ಅವನು ಆಗಲೇ ರೊಪ್ಪದ ಕಡೆ ನಡೆದಿದ್ದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಶಿಳ್ಳೆ ಕೇಳಿಸಿತು. ಇನ್ನೊಬ್ಬಳು ನನ್ನ ಹೆಂಡತಿ. ಮನೆಗೆ ಬಂದ ಮೇಲೆ ಕೇಳಿದಳು. “ನನ್ನ ತಮ್ಮ ಹೊರಗೆ ನಿಂತಿದ್ದನ್ನ ನೋಡ್ತಾ, ದಿನಾ ಎರಡು ಹೊತ್ತು ಹೆಂಗೆ ಉಂಡ್ರಿ?” ಮೇಸ್ತ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಬದ್ಮಾಶ್, ನನ್ನ ಕೈಲಿ ಕೈ ಮುಗಿಸ್ಕೊಂಡ್ಯಲ್ಲೋ!” ಎಂದು ಬೈದು ಫೋನ್ ಇಟ್ಟ. ಎರಡು ದಿನ ಬಿಟ್ಟು ಅವನೇ ಮಾಡಿದ.

ಬಾಮೈದ ಮಾತ್ರ ನನ್ನ ಜೊತೆ ಮಾತು ಬಿಟ್ಟ. ನಾನು ಬೆಳಿಗ್ಗೆ ಹೊಲದ ಬದುವಿನಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡು ಹೋಗಿ ಬೇಲಿಯ ಹೊರಗೆ ಇಡುತ್ತಿದ್ದೆ. ಈ ವಯಸ್ಸಿನಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಆದರೆ ಹಸಿವು ಚೆನ್ನಾಗಿ ಆಗುತ್ತದೆ. ಅವನು ಒಳಗಿನಿಂದ ಬಂದು ಹೊರೆ ಎಳೆದುಕೊಂಡು ಹೋಗುತ್ತಿದ್ದ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಹನ್ನೊಂದು ದಿನ ಹೀಗೇ ನಡೆಯಿತು.

ಹನ್ನೆರಡನೆಯ ದಿನ ಅವನು ಹೊರೆಯ ಹಗ್ಗ ಅಲ್ಲೇ ಬಿಚ್ಚಿದ. ಒಂದು ಹಿಡಿ ಎತ್ತಿ ಮೂಸಿ ನೋಡಿ ಮುಖ ಕಿವುಚಿದ.

“ಇದು ಹುಲ್ಲಾ ಭಾವ? ಬರೀ ಕಡ್ಡಿ. ಇದನ್ನ ದನ ತಿಂತಾವಾ? ಹಾಲಿನ ಸೊಸೈಟೀಲಿ ಮೂವತ್ತು ವರ್ಷ ಏನು ಕಲಿತ್ಯೋ ಏನೋ. ತಗಂಡು ಹೋಗು. ಹಳ್ಳದ ದಡದಾಗೆ ಎಳೇದು ಐತೆ, ನಾಳೆ ಅದನ್ನ ತಾ.”

ಹೊರೆ ಮತ್ತೆ ತಲೆಯ ಮೇಲೆ ಹೊತ್ತುಕೊಂಡೆ. ಹಳ್ಳಕ್ಕೆ ಅರ್ಧ ಮೈಲಿ. ನಾಳೆಯವರೆಗೆ ಕಾಯದೆ ಅವತ್ತೇ ಹೋದೆ.